ಸಡಿಲವಾದ ಬಿಲ್ಲು

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಾಗ ನನಗೆ ಬಲಸ್ತನ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬಲಗೈ. ತಲೆ ಬಾಚಲು ಎತ್ತಿದರೆ ಕಂಕುಳಲ್ಲಿ ಏನೋ ಹರಿದಂತಾಗುತ್ತಿತ್ತು. ಈ ಕೈಯಲ್ಲಿ ಮತ್ತೆ ಬಿಲ್ಲು ಎಳೆದೇನೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ನೋಡಲು ಬಂದವರೆಲ್ಲ ಬದುಕಿ ಉಳಿದದ್ದೇ ಹೆಚ್ಚು ಎನ್ನುತ್ತಿದ್ದರು. ಕಾಫಿ ಕೊಟ್ಟು ಕಳಿಸುತ್ತಿದ್ದೆ, ಒಳಗೊಳಗೇ ಮೈ ಉರಿಯುತ್ತಿತ್ತು.

ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತಿದು. ವಿಜಯನಗರದಲ್ಲಿ ನಮ್ಮ ಮನೆಯಿಂದಾಚೆ ಇನ್ನೂ ಸೈಟುಗಳು ಖಾಲಿ ಬಿದ್ದಿದ್ದವು. ಅಲ್ಲೊಂದು ಮಣ್ಣಿನ ದಿಬ್ಬದ ಮುಂದೆ ಹುಲ್ಲು ಕಟ್ಟಿದ ಗುರಿಹಲಗೆ ನಿಲ್ಲಿಸಿಕೊಂಡು ನಾವು ನಾಲ್ಕಾರು ಜನ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದೆವು. ನನ್ನದು ಎರಡು ತುದಿಗೂ ಗಾಲಿ ಇರುವ ಕಾಂಪೌಂಡ್ ಬಿಲ್ಲು. ಬೇರೊಬ್ಬರ ಕೈಯಲ್ಲಿ ಪಳಗಿ ನನಗೆ ಬಂದದ್ದು. ಎಳೆಯಲು ಐವತ್ತು ಪೌಂಡು ಬಲ ಬೇಕಾಗುವಷ್ಟು ಬಿಗಿ ಮಾಡಿಟ್ಟಿದ್ದೆ. ಗುಂಪಿನ ಕೆಲವು ಗಂಡಸರದ್ದೂ ಅಷ್ಟಿರಲಿಲ್ಲ. ಅದರ ಜಂಬ ನನಗಿತ್ತು. ಯಾರಾದರೂ ಬಿಲ್ಲು ಸಡಿಲಿಸಿಕೊಂಡರೆ "ಅದ್ಯಾಕ್ರೀ, ಊದುಬತ್ತಿ ಹಿಡ್ಕೊಳ್ರೀ" ಎಂದು ರೇಗಿಸುತ್ತಿದ್ದೆ.

ನನ್ನ ಗಂಡನಿಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಬಿಲ್ಲಿನ ವಿಚಾರ ಅವರಿಗೆ ಗೊತ್ತಿದ್ದದ್ದು ನನ್ನ ಬಾಯಿಂದ ಕೇಳಿದಷ್ಟೇ. ಬಾಗುವ ಪಟ್ಟಿಗಳನ್ನು ಹಿಡಿದಿರುವ ಮೇಲಿನ, ಕೆಳಗಿನ ಬೋಲ್ಟುಗಳನ್ನು ಬಿಗಿದರೆ ಎಳೆಯುವ ತೂಕ ಏರುತ್ತದೆ, ಬಾಣ ಜೋರಾಗಿ ಹೋಗುತ್ತದೆ. ಸಡಿಲಿಸಿದರೆ ಎರಡೂ ಇಳಿಯುತ್ತವೆ. ಆಯುಧಪೂಜೆಗೆ ಸ್ಕೂಟರು, ಸುತ್ತಿಗೆ, ಈಳಿಗೆಮಣೆಯ ಜೊತೆ ಬಿಲ್ಲನ್ನೂ ಒರೆಸಿ ಕುಂಕುಮ ಇಡುವುದು ಅವರದೇ ಕೆಲಸವಾಗಿತ್ತು. ಆ ವರ್ಷವೂ ಇಟ್ಟರು.

ಪೂಜೆಗಿಟ್ಟದ್ದನ್ನು ವಿಜಯದಶಮಿಯ ದಿನ ತೆಗೆದು ಬಳಸಬೇಕಲ್ಲ. "ಒಂದೇ ಒಂದು ಬಾಣ ಬಿಟ್ಟು ಬಂದ್ಬುಡು ಬಾ" ಎಂದು ಬೆಳಿಗ್ಗೆ ಕರೆದುಕೊಂಡು ಹೋದರು. ಊರೆಲ್ಲ ದಸರೆಯ ಮೆರವಣಿಗೆಗೆ ಜಾಗ ಹಿಡಿಯಲು ಹೋಗಿದ್ದರಿಂದ ಬಯಲಿನಲ್ಲಿ ನಾವಿಬ್ಬರೇ ಇದ್ದೆವು.

ಬಿಲ್ಲೆತ್ತಿ ಎಳೆದೆ. ನೋವಾಯಿತು, ಆದರೂ ಹೆದೆ ಕೆನ್ನೆಯವರೆಗೆ ಬಂತು! ತಿಂಗಳುಗಟ್ಟಲೆ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ಹತ್ತಿಸಿ ಮಾಡಿದ ವ್ಯಾಯಾಮ ದಂಡವಾಗಲಿಲ್ಲ, ಚಾಮುಂಡಿ ತಾಯಿ ಕೈಬಿಡಲಿಲ್ಲ ಎಂದು ಕಣ್ಣು ತುಂಬಿತು. ಬಾಣ ಬಿಟ್ಟೆ. ಗುರಿಯಿಂದ ಬಹಳ ಕೆಳಗೆ ನೆಟ್ಟಿತು. ಅಭ್ಯಾಸ ತಪ್ಪಿದೆ ಎಂದುಕೊಂಡೆ. ಇನ್ನೊಂದೂ ಅಲ್ಲೇ. ಮತ್ತೊಂದನ್ನು ಬಿಟ್ಟಾಗ ಸದ್ದಿನ ಕಡೆ ಗಮನ ಹೋಯಿತು. ಬಾಣ ಹುಲ್ಲಿಗೆ ನೆಡುವ ಸದ್ದು ಬರಬೇಕಾದ ಹೊತ್ತಿಗೆ ಬರಲಿಲ್ಲ. ಚೂರೇ ಚೂರು ತಡ. ಬೇರೆಯವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಬಿಲ್ಲು ತಿರುಗಿಸಿ ನೋಡಿದೆ. ಬೋಲ್ಟುಗಳ ತಲೆ ಎದ್ದು ನಿಂತಿತ್ತು, ಮೇಲಿನದು ಕೆಳಗಿನದಕ್ಕಿಂತ ಹೆಚ್ಚು. ತಿಳಿದವರಾದರೆ ಎರಡನ್ನೂ ಸಮವಾಗಿ ತಿರುಗಿಸುತ್ತಾರೆ.

"ಯಾವಾಗ ಮಾಡಿದ್ರಿ?" ಎಂದೆ.

ಅವರು ಚಪ್ಪಲಿಯಲ್ಲಿ ಮಣ್ಣು ಕೆದಕುತ್ತ ನಿಂತರು. "ಒರೆಸುವಾಗ ಕಣೆ. ಒಂದು ಸುತ್ತು ಸಾಕು ಅನ್ಕೊಂಡೆ. ಬಚ್ಚಲಲ್ಲಿ ತಂಬಿಗೆ ಎತ್ತಕ್ಕಾಗ್ದೆ ಅತ್ತಿದ್ದೆಯಲ್ಲ, ಅದು ನೆನಪಾಯ್ತು. ಇನ್ನೊಂದು ಸುತ್ತು ಬಿಟ್ಬುಟ್ಟೆ. ಆಮೇಲೆ ಇನ್ನೂ ಒಂದು."

ಅತ್ತದ್ದು ಅವರಿಗೆ ಕೇಳಿಸಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ದೊಡ್ಡದಾಗಿ ದುಃಖ ಬಂದಿತ್ತು. ನನ್ನ ಕೈಗೆ ಬಲ ಮರಳಿರಲೇ ಇಲ್ಲ.

"ಮೊದಲಿನಂಗೆ ಬಿಗಿ ಮಾಡ್ಬುಡ್ಲಾ?" ಎಂದು ಅವರು ಜೇಬಿನಿಂದ ಬೋಲ್ಟು ತಿರುಗಿಸುವ ಅಲೆನ್ ಕೀ ತೆಗೆದರು. ಬಿಗಿ ಮಾಡಿದರೆ ನನ್ನಿಂದ ಎಳೆಯಲಾಗದು ಎಂದು ಇಬ್ಬರಿಗೂ ಗೊತ್ತಿತ್ತು. ಕೀ ಇಸಿದುಕೊಂಡು ಕೆಳಗಿನ ಬೋಲ್ಟನ್ನೂ ಮೇಲಿನದರಷ್ಟೇ ಸಡಿಲಿಸಿದೆ.

"ಇದಕ್ಕಿಂತ ಬಿಡೋ ಹಾಗಿಲ್ಲ. ಪಟ್ಟಿ ಕಿತ್ಕೊಂಡು ಬರತ್ತೆ."

"ಹಗುರದ ಬಾಣ ಹಾಕುದ್ರೆ ಜೋರಾಗಿ ಹೋಗಲ್ವಾ?"

"ಹೋಗತ್ತೆ. ತೀರಾ ಹಗುರಾದ್ರೆ ಹೊಡೆತ ಬಿಲ್ಲಿಗೇ ವಾಪಸ್ ಬೀಳತ್ತೆ, ಮುರಿದೇ ಹೋಗತ್ತೆ. ನನ್ನ ಬಾಣ ಈಗಾಗ್ಲೇ ಹಗುರ ಕಣ್ರೀ."

ಅವರು ಸೀದಾ ಗುರಿಹಲಗೆಯ ಹತ್ತಿರ ಹೋಗಿ, ಅದರ ಮರದ ಕಾಲುಗಳನ್ನು ತಬ್ಬಿ ಹಿಡಿದು ನನ್ನ ಕಡೆಗೆ ಎಳೆಯತೊಡಗಿದರು. ಪಂಚೆಯೆಲ್ಲ ಧೂಳಾಯಿತು. ಅರ್ಧ ದಾರಿಗೆ ತಂದು ನಿಲ್ಲಿಸಿ, "ಸಾಕಾ?" ಎಂದು ಕೂಗಿದರು.

ಹೊಸದಾಗಿ ಕಲಿಯಲು ಬಂದವರನ್ನು ಬಿಟ್ಟರೆ ಅಷ್ಟು ಹತ್ತಿರದಿಂದ ಅಲ್ಲಿ ಯಾರೂ ಹೊಡೆಯುತ್ತಿರಲಿಲ್ಲ. ಬಾಣ ಹೂಡದೆ ಬರಿದೇ ಬಿಲ್ಲೆತ್ತಿ ಗುರಿ ನೋಡಿದೆ. ತೋಳು ಆಗಲೇ ಸೋತಿತ್ತು. ಅವರು ಹಲಗೆಗೆ ಒರಗಿಕೊಂಡು ಕಾಯುತ್ತಿದ್ದರು.

"ಇನ್ನೂ ಸ್ವಲ್ಪ ಹತ್ರ ತನ್ನಿ" ಎಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ, ಜೋರಾಗಿ ಕೂಗಿ ಹೇಳಿದೆ.