ಕಿಟಕಿಯಿಂದ ಹತ್ತಿದವಳು

ಬಸ್ಸಿಗೆ ಬಾಗಿಲು ಇರುವುದು ಇಳಿಯುವುದಕ್ಕೆ ಮಾತ್ರ ಎಂದು ನಾನು ಎಂಟನೇ ವಯಸ್ಸಿನವರೆಗೂ ನಂಬಿದ್ದೆ. ಹತ್ತುವುದಕ್ಕೆ ಕಿಟಕಿ ಇತ್ತಲ್ಲ! ಅಪ್ಪ ನನ್ನನ್ನು ಸೊಂಟ ಹಿಡಿದು ಎತ್ತುತ್ತಿದ್ದ, ತಲೆ ಮೊದಲು ಒಳಗೆ ಹೋಗುತ್ತಿತ್ತು, ಹಿಂದಿನಿಂದ ಅವನ ಟವೆಲ್ ಬಂದು ಬೀಳುತ್ತಿತ್ತು. ಆಮೇಲೆ ಮೂವರ ಸೀಟಿನ ಮೇಲೆ ಉದ್ದಕ್ಕೆ ಮಲಗಿಬಿಡುವುದು ನನ್ನ ಕೆಲಸ. ಈಗ ನಾನು ಜೇವರ್ಗಿ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಆದರೂ ಬಸ್ಸು ಬಂದು ನಿಂತರೆ ಕಣ್ಣು ಮೊದಲು ಹೋಗುವುದು ಕಿಟಕಿಯ ಅಳತೆಗೇ. ನನ್ನ ಅಳತೆಯ ವಿಷಯ ಇಲ್ಲಿ ಬೇಡ.

ಸೀಟು ಹಿಡಿಯುವುದಕ್ಕೆ ನಮ್ಮ ಕಡೆ ಒಂದು ಪೂರ್ತಿ ಕಾನೂನೇ ಇದೆ. ಯಾವ ಸರ್ಕಾರವೂ ಬರೆಯದ, ನಿಜಾಮನ ಕಾಲದ ಕಾಯಿದೆಗಳೆಲ್ಲ ಹೋದ ಮೇಲೂ ಉಳಿದ ಕಾನೂನು. ಕಿಟಕಿಯಿಂದ ಎಸೆದ ದಸ್ತಿಗೆ, ಅಂದರೆ ಕರವಸ್ತ್ರಕ್ಕೆ, ಅಷ್ಟಾಗಿ ಬೆಲೆಯಿಲ್ಲ, ಗಾಳಿಗೆ ಹಾರಿ ಬಂದಿತ್ತು ಎಂದು ಪಕ್ಕಕ್ಕೆ ಸರಿಸಬಹುದು. ಟವೆಲ್ಲಿಗೆ ಮರ್ಯಾದೆ ಇದೆ. ಚೀಲಕ್ಕೆ ಜಗಳ ಇದೆ. ಆದರೆ ಕೂಸೊಂದು ಸೀಟಿನ ಮೇಲೆ ಮಲಗಿದ್ದರೆ ಯಾವ ವಕೀಲನೂ ವಾದಿಸಲಾರ. ಅಪ್ಪ ನಾಲ್ಕನೇ ಇಯತ್ತೆ ಕಲಿತವನಾದರೂ ಈ ಕಾನೂನನ್ನು ಅರೆದು ಕುಡಿದಿದ್ದ.

ಅವನಿಗೆ ಮಕ್ಕಳು ಮೂರು. ಅಕ್ಕ ದೊಡ್ಡವಳು, ಅವಳನ್ನು ಕಿಟಕಿಯಿಂದ ತೂರಿಸಿದರೆ ಲಂಗ ಹರಿಯುತ್ತದೆ. ತಮ್ಮ ಸಣ್ಣವನು, ಅವನನ್ನು ತೂರಿಸಿದರೆ ಅವ್ವನ ಎದೆ ಹರಿಯುತ್ತದೆ. ಉಳಿದವಳು ನಾನು. ನನ್ನ ಮೈಮೇಲೆ ಇರುತ್ತಿದ್ದದ್ದು ಹೇಗೂ ಅಕ್ಕ ಹರಿದು ಕೊಟ್ಟ ಲಂಗವೇ ಆದ್ದರಿಂದ ಹೊಸದಾಗಿ ಹಾಳಾಗುವಂಥದ್ದು ಏನೂ ಇರಲಿಲ್ಲ. ಕಷ್ಟಪಟ್ಟು ಹಿಡಿದ ಆ ಸೀಟಿನಲ್ಲಿ ಅಪ್ಪ, ಅವ್ವ, ಅಕ್ಕ ಕೂಡುತ್ತಿದ್ದರು, ತಮ್ಮ ಅವ್ವನ ತೊಡೆ ಏರುತ್ತಿದ್ದ. ನಾನು ಅವರ ಮೊಣಕಾಲುಗಳ ನಡುವೆ ನಿಂತು ಅತನೂರಿನವರೆಗೆ ಬರುತ್ತಿದ್ದೆ.

ಅತನೂರಿನ ಮನೆಗೆ ಯಾರಾದರೂ ಬಂದರೆ ಅಪ್ಪ ಮಕ್ಕಳ ಪರಿಚಯ ಮಾಡಿಸುತ್ತಿದ್ದ. “ಇಕಿ ನಮ್ಮ ಹಿರೇ ಮಗಳ್ರಿ, ಲೆಕ್ಕದಾಗ ಭಾಳ ಹುಷಾರ್. ಇಂವ ಮಗಾರಿ, ನಮ್ಮ ಮನಿ ದೀಪ. ಇಕಿ…” ಎಂದು ನನ್ನತ್ತ ಕೈ ಮಾಡಿ ಸ್ವಲ್ಪ ಹೊತ್ತು ಯೋಚಿಸುತ್ತಿದ್ದ. “ಇಕಿ ನಡುವಿನಾಕಿ.” ಬಂದವರು ತಲೆ ಆಡಿಸಿ ಚಹಾ ಕುಡಿಯುತ್ತಿದ್ದರು. ಆ ಯೋಚನೆಯ ಹೊತ್ತಿನಲ್ಲಿ ಒಂದಾದರೂ ಒಳ್ಳೆಯ ಮಾತು ಹೊರಗೆ ಬಿದ್ದೀತು ಎಂದು ನಾನು ಪ್ರತಿ ಸಲವೂ ಕಾಯುತ್ತಿದ್ದೆ.

ಸಮಾಧಾನವನ್ನು ನಾನೇ ಹುಡುಕಿಕೊಂಡೆ. ಅಜ್ಜ ಬೆಳಿಗ್ಗೆ ಲಿಂಗಪೂಜೆಗೆ ಕೂತು ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆಯುವುದನ್ನು ನೋಡಿ ಒಂದು ಸಿದ್ಧಾಂತ ಕಟ್ಟಿದೆ. ನಡುವಿನ ಗೆರೆ ಇಲ್ಲದಿದ್ದರೆ ಮೇಲಿನದೂ ಕೆಳಗಿನದೂ ಬರೀ ಎರಡು ಗೀರು, ಅದನ್ನು ಯಾರೂ ವಿಭೂತಿ ಎನ್ನುವುದಿಲ್ಲ. ಇದನ್ನು ಬಹಳ ಗಂಭೀರವಾಗಿ ಅಕ್ಕನಿಗೆ ಹೇಳಿದೆ. ಅವಳು ಅಜ್ಜನ ಹಣೆಯನ್ನೇ ದಿಟ್ಟಿಸಿ, “ಬೆವತ್ರ ಮೊದಲ ಅಳಸೋದು ನಡುವಿಂದೇ ನೋಡು” ಎಂದಳು. ಲೆಕ್ಕದಲ್ಲಿ ಹುಷಾರಾದವರ ಜೊತೆ ಸಿದ್ಧಾಂತ ಮಾತಾಡಬಾರದು.

ನನಗೆ ಎಂಟು ತುಂಬಿದ ವರ್ಷ ಒಂದು ಘಟನೆ ನಡೆಯಿತು. ಅವ್ವನ ತವರಿನಿಂದ ಊರಿಗೆ ಹೊರಟಿದ್ದೆವು. ಜೇವರ್ಗಿ ನಿಲ್ದಾಣದಲ್ಲಿ ಅಫಜಲಪುರದ ಬೋರ್ಡು ಹಾಕಿಕೊಂಡು ಒಂದು ಬಸ್ಸು ನಿಂತಿತ್ತು. ಅಪ್ಪ ಎಂದಿನಂತೆ ನನ್ನನ್ನು ಕಿಟಕಿಯಿಂದ ಒಳಗೆ ಹಾಕಿ, ಗಂಟುಮೂಟೆಯ ಜೊತೆ ದೂರದಲ್ಲಿ ಕೂತಿದ್ದ ಮೂವರನ್ನು ಕರೆತರಲು ಹೋದ. ಅಷ್ಟರಲ್ಲಿ ಆ ಬಸ್ಸಿನ ಬೋರ್ಡು ತೆಗೆದು ಪಕ್ಕದ ಬಸ್ಸಿಗೆ ಹಾಕಿದರು, ನನ್ನ ಬಸ್ಸಿಗೆ ಆಳಂದದ ಬೋರ್ಡು ಬಂತು. ಸೀಟಿನ ಮೇಲೆ ಮಲಗಿದವಳಿಗೆ ಬೋರ್ಡು ಹೇಗೆ ಕಾಣಬೇಕು? ಅಪ್ಪ ಬೋರ್ಡು ನೋಡಿ ಎಲ್ಲರನ್ನೂ ಪಕ್ಕದ ಬಸ್ಸಿಗೆ ಹತ್ತಿಸಿದ.

ನನ್ನ ಬಸ್ಸು ಹೊರಟಿತು. ಬಾಗಿಲ ಹತ್ತಿರ ಗದ್ದಲ ಇತ್ತು, ಅಪ್ಪ ಅದರಲ್ಲೇ ಎಲ್ಲೋ ಸಿಕ್ಕಿಕೊಂಡಿದ್ದಾನೆ ಎಂದುಕೊಂಡೆ. ಒಬ್ಬ ಮುದುಕ ಬಂದು, “ಆ ಕಡಿ ಸರಿ ಬೇ ತಂಗಿ, ಕೂಡ್ತೀನಿ” ಎಂದ. “ನಮ್ಮಪ್ಪ ಬರಾಕತ್ತಾನ್ರಿ” ಎಂದೆ. ಊರು ದಾಟಿತು. ಇನ್ನೊಬ್ಬಳು ಬಂದಳು. “ನಮ್ಮಪ್ಪ ಬರಾಕತ್ತಾನ್ರಿ.” ಕಂಡಕ್ಟರ್ ಬಂದು, “ಬಸ್ ಬಿಟ್ಟು ಎಷ್ಟೊತ್ತಾತು, ಇನ್ನೆಲ್ಲಿಂದ ಬರ್ತಾನ ನಿಮ್ಮಪ್ಪ? ಇದು ಆಳಂದ ಬಸ್ಸವ್ವಾ” ಎಂದ. ಆದರೂ ಕಾಲು ಮಡಚಲಿಲ್ಲ. ಕಣ್ಣಲ್ಲಿ ನೀರು ಬರುತ್ತಿದ್ದರೂ ಸೀಟಿನ ಆ ತುದಿಯಿಂದ ಈ ತುದಿಯವರೆಗೆ ಚಾಚಿಕೊಂಡೇ ಇದ್ದೆ. ಅಪ್ಪ ಬಂದು, ಸೀಟು ಎಲ್ಲಿ ಎಂದು ಕೇಳಿದರೆ ಏನು ಹೇಳಲಿ?

ಭೀಮಾ ನದಿಯ ಸೇತುವೆ ದಾಟಿ ಮುಂದಿನ ಊರಿನಲ್ಲಿ ಬಸ್ಸು ನಿಂತಾಗ, ಹಿಂದೆ ಬಂದ ತೊಗರಿ ಲಾರಿಯೊಂದರಿಂದ ಅಪ್ಪ ಜಿಗಿದ. ಏದುಸಿರು ಬಿಡುತ್ತ ಒಳಗೆ ನನ್ನ ಸೀಟಿನ ಹತ್ತಿರ ಬಂದ. “ಎಲ್ಲಿ ಹೋಗಿದ್ದೆಪ್ಪಾ? ಸೀಟ್ ಹಿಡದು ಸಾಕಾಗ್ಯಾದ ನನಗ” ಎಂದು ನಾನೇ ಗದರಿದೆ. ಬಸ್ಸಿಗೆ ಬಸ್ಸೇ ನಕ್ಕಿತು. ಅಪ್ಪ ನಗಲಿಲ್ಲ. ನನ್ನನ್ನು ಎತ್ತಿಕೊಂಡು ಬಾಗಿಲಿನಿಂದಲೇ ಇಳಿದ.

ಈ ಕಥೆ ಅಕ್ಕನ ಪಾಲಿಗೆ ಆಸ್ತಿಯಾಯಿತು. ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಅವಳು ಇದನ್ನು ಹೇಳುತ್ತ ಬಂದಿದ್ದಾಳೆ, ಕೊನೆಯ ಸಾಲು ಯಾವಾಗಲೂ ಒಂದೇ: “ಇಕೀನ್ನ ಬಿಟ್ಟೀವಂತ ಅಪ್ಪಗ ನೆನಪೇ ಇರ್ಲಿಲ್ಲ!” ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನಾನು ಕೇಳಲಿಲ್ಲ. ಹೌದು ಎಂದುಬಿಟ್ಟರೆ ಎಂಬ ಭಯ ಎಂಟು ವರ್ಷದವಳಿಗಿಂತ ನಲವತ್ತಾರು ವರ್ಷದವಳಿಗೆ ಹೆಚ್ಚು.

ಹೋದ ತಿಂಗಳು ಸರಸಂಬಾದಲ್ಲಿ ಅಕ್ಕನ ಮೊಮ್ಮಗಳ ತೊಟ್ಟಿಲು. ಊಟಕ್ಕೆ ಕೂತಾಗ ಬೀಗರ ಎದುರು ಅಕ್ಕ ಮತ್ತೆ ಕಥೆ ತೆಗೆದಳು. ಅವಳ ಕೊನೆಯ ಸಾಲು ಬರುವುದಕ್ಕೆ ಮುಂಚೆಯೇ, ಯಾವ ಧೈರ್ಯವೋ, ಪಂಕ್ತಿಯ ಆ ಕಡೆ ಕೂತಿದ್ದ ಅಪ್ಪನನ್ನು ಕೇಳಿಬಿಟ್ಟೆ: “ಅಪ್ಪಾ, ನಾ ಇಲ್ಲಂತ ನಿನಗ ಯಾವಾಗ ತಿಳೀತು?”

ಅಪ್ಪ ಬಾಯಲ್ಲಿದ್ದ ತುತ್ತು ನುಂಗಿದ. “ಯಾವಾಗಂದ್ರ? ಹತ್ತಿದ ಕೂಡ್ಲೇ. ಬಸ್ಸಿನ್ಯಾಗ ಒಂದೂ ಸೀಟ್ ಇರ್ಲಿಲ್ಲ. ಸೀಟ್ ಇಲ್ಲಂದ್ರ ಇದರಾಗ ನನ್ನ ಮಗಳಿಲ್ಲ ಅಂತ ಅಲ್ಲೇ ಕೆಳಗ ಜಿಗದೆ. ಮಂದಿ ಒಳಗ ಹುಡುಕು ಅಂದ್ರು. ಏನ್ ಹುಡುಕೋದು? ನೀ ಇದ್ದ ಬಸ್ಸಿನ್ಯಾಗ ನಮಗ ಸೀಟ್ ಇರಂಗಿಲ್ಲೇನು?”

ಅಕ್ಕನ ಕೊನೆಯ ಸಾಲು ಅವಳ ಬಾಯಲ್ಲೇ ಉಳಿಯಿತು. ಬೀಗರು ನನ್ನತ್ತ ತಿರುಗಿ ನೋಡಿದರು. ಅಪ್ಪ ನನ್ನ ಮುಖ ಹುಡುಕಲಿಲ್ಲ, ಸೀಟು ಹುಡುಕಿದ ಎಂದು ಬೇಕಾದರೆ ಇದಕ್ಕೂ ಮುನಿಸಿಕೊಳ್ಳಬಹುದು. ಆ ಮುನಿಸನ್ನು ಮುಂದೆಂದಾದರೂ ಬೇಕಾದೀತು ಎಂದು ಎತ್ತಿಟ್ಟಿದ್ದೇನೆ. ಆಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅಕ್ಕನೇ ಬಂದು ತುಪ್ಪ ಬಡಿಸಿದಳು. ತಮ್ಮನಿಗಿಂತ ಒಂದು ಚಮಚ ಕಡಿಮೆ ಬಿತ್ತು. ನೋಡಿದೆ. ನೋಡಿಯೂ ಹೋಳಿಗೆ ಮುರಿದು ಬಾಯಿಗಿಟ್ಟೆ.