ಅಕ್ಕ ಗುರುತು ಹಾಕಿಟ್ಟ ದಾರಿಗಳು

ಮೊನ್ನೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿ, ಹೋಳನ್ನು ಎಸೆಯದೆ ಸಿಂಕಿನ ನಲ್ಲಿ ಉಜ್ಜುತ್ತಿದ್ದೆ. ಹಿಂಡಿದ ಹೋಳಿಗೆ ಬೇರೆಯೇ ಒಂದು ವಾಸನೆ ಇರುತ್ತದೆ, ಹಣ್ಣಿನದಲ್ಲ, ಸಿಪ್ಪೆಯ ಕಹಿಯದು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಓರಗಿತ್ತಿ ಕಣ್ಣ ಮುಂದೆ ಬಂದು ಕೂತರು. ಸೋಮವಾರ ಬೆಳಗ್ಗೆ ಅವರ ಮೊದಲ ಕೆಲಸವೇ ಇದಾಗಿತ್ತು. ಮೈದುನನ ಕಾರಿನಲ್ಲಿ ದಾರಿ ತೋರಿಸುವ ಜಿಪಿಎಸ್ ಡಬ್ಬಿಯನ್ನು ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲನ್ನು ನಿಂಬೆಹೋಳಿನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಜಿಡ್ಡು ಹೋದರೆ ಗಾಜಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎನ್ನುತ್ತಿದ್ದರು. ಆ ಮೈದುನ ಎಂದರೆ ನನ್ನ ಗಂಡ. ಅವರ ಕಾರಿನ ಸಾಮಾನು ಉಜ್ಜಿಕೊಡಬೇಕಾದವಳು ನಾನಲ್ಲವೇ ಎಂದು ಪ್ರತಿ ಸೋಮವಾರ ನನ್ನ ಹೊಟ್ಟೆ ಉರಿಯುತ್ತಿತ್ತು.

ಮುಳಬಾಗಿಲಿನಲ್ಲಿ ಅಣ್ಣ ತಮ್ಮಂದಿರದು ಒಂದೇ ಮನೆ, ಒಂದೇ ಅಡುಗೆ. ಭಾವ ಸೊಸೈಟಿಯಲ್ಲಿ ಗುಮಾಸ್ತರು. ನಮ್ಮವರು ಬಾಡಿಗೆಗೆ ಕಾರು ಓಡಿಸುತ್ತಿದ್ದರು, ಈಗಲೂ ಓಡಿಸುತ್ತಾರೆ. ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಶ್ರೀನಿವಾಸಪುರದ ಕಡೆಯವರು, ತವರಿನಲ್ಲಿ ತೆಲುಗು. ಮದುವೆಯಾಗಿ ಬಂದಾಗ ನಮ್ಮವರಿನ್ನೂ ಹೈಸ್ಕೂಲಿನಲ್ಲಿದ್ದರಂತೆ, ತಲೆಗೆ ಎಣ್ಣೆ ಹಚ್ಚಿ ಕಳಿಸುತ್ತಿದ್ದವರೂ ಅವರೇ ಅಂತೆ. ನಾನು ಮಾಲೂರಿನವಳು, ಕೋಲಾರದಲ್ಲಿ ಬಿ.ಕಾಂ. ಮಾಡಿದವಳು. ಅಕ್ಕ ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಆಗೆಲ್ಲ ದಿನಕ್ಕೆ ಹತ್ತು ಸಲ ನಾನು ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಆ ಜಿಪಿಎಸ್ ನಮ್ಮವರಿಗೆ ಒಬ್ಬ ಗಿರಾಕಿ ಕೊಟ್ಟು ಹೋದದ್ದು. ಎರಡು ತಿಂಗಳು ಅವರನ್ನು ಊರೂರು ಸುತ್ತಿಸಿ ವಿಮಾನ ನಿಲ್ದಾಣಕ್ಕೆ ಬಿಟ್ಟಾಗ, ಇಟ್ಟುಕೊಳ್ಳಿ ಎಂದು ಕೈಗಿಟ್ಟರಂತೆ. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಬೈಪಾಸುಗಳು ಬಂದವು, ಡಬ್ಬಿ ಹಳೇ ದಾರಿಯನ್ನೇ ಹಿಡಿದುಕೊಂಡು ಹಟ ಮಾಡತೊಡಗಿತು. ನಕ್ಷೆ ಹೊಸದು ಹಾಕಬೇಕು, ಅದಕ್ಕೆ ಕಂಪ್ಯೂಟರಿಗೆ ಜೋಡಿಸಿ ಇಂಥ ಪ್ರೋಗ್ರಾಂ ಇಳಿಸಿಕೊಳ್ಳಬೇಕು ಎಂದು ಜೊತೆಗಿದ್ದ ಸಣ್ಣ ಪುಸ್ತಕದಲ್ಲಿ ಬರೆದಿತ್ತು. ಭಾವನ ಕಂಪ್ಯೂಟರ್ ನಡುಮನೆಯ ಮೂಲೆಯಲ್ಲಿತ್ತು, ಅದರಲ್ಲಿ ಅವರು ಇಸ್ಪೀಟು ಬಿಟ್ಟು ಬೇರೇನೂ ಆಡಿದ್ದನ್ನು ನಾನು ಕಂಡಿಲ್ಲ. ಒಂದು ವಾರ ಹೆಣಗಿ ಅವರು ಕೈಬಿಟ್ಟರು. ನನ್ನನ್ನು ಯಾರಾದರೂ ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಬಿ.ಕಾಂ. ಅಲ್ಲವೇ, ಕೇಳಲಿ ಎಂಬ ಬಿಂಕ. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಅಕ್ಕ ನಿಘಂಟು ಇಟ್ಟುಕೊಂಡು ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ್ದರು. ಒಂದು ಭಾನುವಾರ ಸ್ನಾನ ಮಾಡಿ, ಕಂಪ್ಯೂಟರಿಗೂ ಒಂದು ಹೂ ಮುಡಿಸಿ, ಡಬ್ಬಿಗೆ ವೈರು ಚುಚ್ಚಿಯೇಬಿಟ್ಟರು.

ನಕ್ಷೆ ಇಳಿಯಲು ನಾಲ್ಕೈದು ಗಂಟೆ ಬೇಕಾಗುತ್ತಿತ್ತು. ಪರದೆಯ ಮೇಲೆ ಹಸಿರು ಗೆರೆ ಸರಿಯುವುದನ್ನು, ಒಲೆಯ ಮೇಲಿನ ಹಾಲನ್ನು ಕಾಯುವಂತೆ ಕಾಯುತ್ತಿದ್ದರು. ಮುಗಿಯುವವರೆಗೆ ಮಿಕ್ಸಿ ಹಾಕುವಂತಿಲ್ಲ, ಫ್ಯೂಸ್ ಹೋದರೆ ಡಬ್ಬಿಯೇ ಸತ್ತುಹೋಗುತ್ತದೆ ಎಂದು ಕಟ್ಟಪ್ಪಣೆ. ಆ ಭಾನುವಾರಗಳಲ್ಲಿ ನಾನು ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದೆ. ಡಬ್ಬಿಯಲ್ಲಿ ಜಾಗ ಕಡಿಮೆ, ದೇಶವೆಲ್ಲ ಹಿಡಿಸುತ್ತಿರಲಿಲ್ಲ. "ನಮಗ್ಯಾಕೆ ಕಾಶ್ಮೀರ" ಎಂದು ಅಕ್ಕ ಉತ್ತರ ಭಾರತವನ್ನೆಲ್ಲ ತೆಗೆದುಹಾಕಿ, ಕರ್ನಾಟಕ, ಆಂಧ್ರ, ತಮಿಳುನಾಡು ಮಾತ್ರ ಉಳಿಸಿಕೊಂಡರು. ಸುದ್ದಿ ಹಬ್ಬಿ ಸ್ಟ್ಯಾಂಡಿನ ಡ್ರೈವರುಗಳೆಲ್ಲ ತಮ್ಮ ತಮ್ಮ ಹಳೇ ಡಬ್ಬಿ ಹಿಡಿದು ಬರತೊಡಗಿದರು. ಕೋಲಾರದಿಂದಲೂ ಮಾಲೂರಿನಿಂದಲೂ ಬಂದವರಿದ್ದರು. ಬಾಗಿಲಲ್ಲಿ ನಿಂತು "ಜಿಪಿಎಸ್ ಅಕ್ಕ ಇದಾರಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನಮ್ಮ ಮಾಲೂರಿನವರೂ! ಕೂರಿಸಿ ಮಾತಾಡುವವರು ಅವರು, ಕಾಫಿ ತಂದಿಡುವವಳು ನಾನು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ನನ್ನನ್ನು ಸುಟ್ಟದ್ದು ಆ ಪಟ್ಟಿ.

ಆ ಪ್ರೋಗ್ರಾಮಿನಲ್ಲಿ ನಮಗೆ ಬೇಕಾದ ಜಾಗಗಳನ್ನು ನಾವೇ ಗುರುತು ಹಾಕಿ ಹೆಸರು ಕೊಟ್ಟು ಇಟ್ಟುಕೊಳ್ಳಬಹುದಿತ್ತು. ದೊಡ್ಡ ರಸ್ತೆ ನಮ್ಮವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಹಳ್ಳಿಯ ಒಳದಾರಿ, ತೋಟದ ಮನೆ, ಮಣ್ಣಿನ ತಿರುವು, ಇವು ಯಾವ ನಕ್ಷೆಯಲ್ಲೂ ಇರುತ್ತಿರಲಿಲ್ಲ. ಡ್ರೈವರುಗಳು ಒಬ್ಬೊಬ್ಬರೂ ಹೋಗಿಬಂದ ಜಾಗ ಹೇಳುವುದು, ಅಕ್ಕ ಒಬ್ಬೊಬ್ಬರಿಗೂ ಬೇರೆ ಬೇರೆ ಪಟ್ಟಿ ಮಾಡಿಕೊಡುವುದು. ನಮ್ಮವರದು ಎಲ್ಲಕ್ಕಿಂತ ಉದ್ದದ ಪಟ್ಟಿ. ಬಾಡಿಗೆ ಮುಗಿಸಿ ಬಂದು ಕೈಕಾಲು ತೊಳೆದು ಕಂಪ್ಯೂಟರ್ ಪಕ್ಕದ ಸ್ಟೂಲಿನಲ್ಲಿ ಕೂತರೆ ಒಂದು ಗಂಟೆ ಏಳುತ್ತಿರಲಿಲ್ಲ.

"ಹೇಳಪ್ಪ. ಕುರುಡುಮಲೆ ಗಣೇಶನ ಗುಡಿ ದಾಟಿದ್ಮೇಲೆ?"

"ಎಡಕ್ಕೆ ಮಣ್ಣು ದಾರಿ ಅತ್ತಿಗೆ. ಮುಂದೆ ಒಂದು ಹುಣಸೆಮರ. ಅದ್ರ ಕೆಳಗೆ ಒಂದಜ್ಜಿ ಸೀಬೆಹಣ್ಣು ಮಾರ್ತಾ ಕೂತಿರ್ತಾಳೆ."

"ಹಣ್ಣು ಹೆಂಗಿತ್ತು?"

ಹಣ್ಣು ಹೇಗಿತ್ತು ಎಂಬುದು ಯಾವ ಜಿಪಿಎಸ್‌ಗೆ ಬೇಕು? ಆದರೂ ಅಕ್ಕ ಕೇಳುತ್ತಿದ್ದರು, ಇವರು ಹೇಳುತ್ತಿದ್ದರು. ಒಳಗೆ ಕೆಂಪಗಿತ್ತು, ಅಜ್ಜಿ ಉಪ್ಪುಖಾರ ಹಚ್ಚಿಕೊಟ್ಟಳು, ಅವಳ ಮಗ ಆವನಿಯಲ್ಲಿ ಗಾರೆ ಕೆಲಸ ಮಾಡುತ್ತಾನೆ... ನಡುನಡುವೆ ಇಬ್ಬರೂ ತೆಲುಗಿಗೆ ಜಾರುತ್ತಿದ್ದರು, ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅಕ್ಕ ಆ ಜಾಗಗಳಿಗೆ ಒಂದು ದಿನವೂ ಹೋದವರಲ್ಲ. "ಆಮೇಲೆ? ಆಮೇಲೆ?" ಎಂದು ಕೇಳಿಕೊಂಡೇ ಇಡೀ ತಾಲ್ಲೂಕು ಸುತ್ತಿದವರು. ನಾನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಾ ಕಿವಿಯನ್ನು ನಡುಮನೆಯಲ್ಲಿಟ್ಟಿರುತ್ತಿದ್ದೆ. ನನ್ನ ಗಂಡನಿಗೆ ಸೀಬೆಹಣ್ಣು ಇಷ್ಟ ಎಂಬುದು ನನಗೆ ಗೊತ್ತಾದದ್ದೇ ಹೀಗೆ, ಮದುವೆಯಾಗಿ ಆರು ವರ್ಷಕ್ಕೆ.

ನನ್ನೊಡನೆ ಅವರದು ಮೂರು ಮಾತು. ಊಟಕ್ಕೆ ಹಾಕು, ಮಲಗ್ತೀನಿ, ಐದಕ್ಕೆ ಎಬ್ಬಿಸು. ಅನುಮಾನ ಪಟ್ಟೆನೇ ಎಂದು ಕೇಳಿದರೆ, ಇಲ್ಲ. ಆ ಇಬ್ಬರ ನಡುವೆ ತಾಯಿ ಮಗನಂಥ ಸಲಿಗೆ, ಅದು ಕುರುಡರಿಗೂ ಕಾಣುತ್ತಿತ್ತು. ಅನುಮಾನವಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ನನಗೆ ಬೇಕಾಗಿದ್ದದ್ದು ಆ ಮಾತು. ಆ ಒಂದು ಗಂಟೆಯ ಮಾತು ನನ್ನದಾಗಬೇಕಿತ್ತು, ಅದು ಬೇರೆಯವರ ಪಾಲಾಗಿತ್ತು. ಇದಕ್ಕೆ ಹೊಟ್ಟೆಕಿಚ್ಚು ಎಂಬುದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ, ಹುಡುಕುವುದೂ ಇಲ್ಲ.

ಒಂದು ವರ್ಷ ಮಾವಿನ ಕಾಲಕ್ಕೆ ಅಕ್ಕ ಹತ್ತು ದಿನ ತವರಿಗೆ ಹೋದರು. ಅದೇ ವಾರ ಇವರು ಡಬ್ಬಿ ದಾರಿ ತಪ್ಪಿಸುತ್ತಿದೆ ಎಂದು ಗೊಣಗಿದರು. "ಕೊಡಿ ಇಲ್ಲಿ, ನಾನು ಮಾಡ್ತೀನಿ" ಎಂದೆ. ಅಕ್ಕ ಮಾಡುವುದನ್ನು ಎಷ್ಟು ಸಲ ನೋಡಿರಲಿಲ್ಲ! ಇವರು ಬಾಡಿಗೆಗೆಂದು ಹಳೇ ಬಸ್‌ಸ್ಟ್ಯಾಂಡ್ ಕಡೆ ಹೋದ ಮೇಲೆ ಬಾಗಿಲು ಮುಂದಕ್ಕೆ ಮಾಡಿ ಕೂತೆ. ನಕ್ಷೆ ಇಳಿಯುವುದು ಅರ್ಧಕ್ಕೆ ನಿಂತಿತು. ಜಾಗ ಸಾಲದು, ಏನಾದರೂ ತೆಗೆಯಿರಿ ಎಂದಿತು. ತೆಗೆಯಬಹುದಾದದ್ದು ಎಷ್ಟೋ ಇತ್ತು. ಯಾವ ಯಾವುದೋ ಭಾಷೆಯ ದನಿಗಳು, ಬೇಡದ ಚಿತ್ರಗಳು. ನಾನು ಆ ಪಟ್ಟಿಯನ್ನು ತೆರೆದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಡುವೆ ತೆಲುಗು. ಸೀಬೆ ಅಜ್ಜಿ ಮರ. ದೇವರಾಯಸಮುದ್ರ ಕೆರೆ ಕಟ್ಟೆ, ಗಾಳಿ ಜಾಸ್ತಿ. ನಾಯಿ ಇರೋ ತೋಟ. ಒಂದೊಂದು ಸಾಲೂ ಒಂದೊಂದು ಸಂಜೆ. ಎಲ್ಲವನ್ನೂ ಆರಿಸಿ ಅಳಿಸು ಎಂದು ಒತ್ತಿದೆ. ಖಂಡಿತವೇ ಎಂದು ಕೇಳಿತು. ಹೌದು. ಕಂಪ್ಯೂಟರಿನಲ್ಲಿರುವ ಪ್ರತಿಯನ್ನೂ ತೆಗೆಯಲೇ ಎಂದು ಇನ್ನೊಮ್ಮೆ ಕೇಳಿತು. ಹೌದು. ಗೊತ್ತಿಲ್ಲದೆ ಆಯಿತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಇಲ್ಲಿ ಆ ಸುಳ್ಳು ಬರೆಯುವುದಿಲ್ಲ.

ಮಾರನೆಯ ದಿನ ಇವರು ಮಧ್ಯಾಹ್ನಕ್ಕೇ ಮನೆಗೆ ಬಂದರು. ಬಯ್ಯುತ್ತಾರೆ, ಹಾಗಾದರೂ ಮಾತಾಡುತ್ತಾರೆ ಎಂದುಕೊಂಡಿದ್ದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು "ಅತ್ತಿಗೆ ಬರಲಿ" ಎಂದರು, ಅಷ್ಟೇ.

ಅಕ್ಕ ಬಂದರು. ಮಾವಿನ ಬುಟ್ಟಿ ಇಳಿಸಿ, ನೀರು ಕುಡಿದು, ಕಂಪ್ಯೂಟರ್ ಮುಂದೆ ಕೂತು ಒಂದಷ್ಟು ಹೊತ್ತು ನೋಡಿದರು. ಇವರು ಬಾಗಿಲಲ್ಲೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. "ಅಯ್ಯೋ, ಪೋನೀಲೇ" ಎಂದರು ಅಕ್ಕ. ಹೋಗಲಿ ಬಿಡು ಎನ್ನುವುದಕ್ಕೆ ಅವರ ಮಾತು ಅದು. "ನೀನಿದೀಯ, ದಾರಿಗಳೂ ಇದಾವೆ. ಮೊದಲಿಂದ ಹೇಳಪ್ಪ."

ಮೊದಲಿಂದ! ಅವತ್ತು ಶುರುವಾದದ್ದು ಒಂದು ತಿಂಗಳಿಗೂ ಮೀರಿ ನಡೆಯಿತು. ಮೊದಲು ಬಾಡಿಗೆ ಇದ್ದ ದಿನ ಮಾತ್ರ ಕೂರುತ್ತಿದ್ದರು, ಈಗ ದಿನಾ ಸಂಜೆ. ಮರೆತಿದ್ದ ತಿರುವು, ಸತ್ತುಹೋದ ಗಿರಾಕಿ, ಮಳೆಗೆ ಕಾರು ಹೂತುಹೋದ ಜಾಗ, ಎಲ್ಲ ಎದ್ದು ಬಂದವು. ನಗುವೋ ನಗು. ಭಾವನೂ ಇಸ್ಪೀಟು ಬಿಟ್ಟು ಬಂದು ಕೇಳತೊಡಗಿದರು. ನಾನು ಕಿತ್ತುಕೊಳ್ಳಬೇಕೆಂದಿದ್ದದ್ದನ್ನು ನನ್ನ ಕೈಯಾರೆ ಅವರಿಗೆ ಎರಡರಷ್ಟು ಮಾಡಿ ಬಡಿಸಿದ್ದೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗುವಂತೆ ಕುಕ್ಕುತ್ತಿದ್ದೆ. ಯಾರೂ ತಿರುಗಿ ನೋಡಲಿಲ್ಲ.

ಒಂದು ಸಂಜೆ ಇವರಿನ್ನೂ ಬಂದಿರಲಿಲ್ಲ. ನಾನು ಕಡಲೆಕಾಯಿ ಸುಲಿಯುತ್ತಿದ್ದೆ. ಅಕ್ಕ ಪಕ್ಕದಲ್ಲಿ ಬಂದು ಕೂತು, ನಾಲ್ಕು ಕಾಯಿ ಸುಲಿದು, ತಲೆಯೆತ್ತದೆ ಕೇಳಿದರು.

"ಅಳಿಸೋಕೆ ಮುಂಚೆ ಅದು ಎರಡು ಸಲ ಕೇಳುತ್ತೆ, ಅಲ್ವೇನೇ?"

ನನ್ನ ಕೈ ನಿಂತಿತು. ಅವರು ಉತ್ತರಕ್ಕೆ ಕಾಯಲಿಲ್ಲ. ಇನ್ನಷ್ಟು ಕಾಯಿ ಸುಲಿದರು. "ಇವತ್ತಿಂದ ನೀನು ಟೈಪ್ ಮಾಡು. ನನ್ನ ಕಣ್ಣು ಮಂಜಾಗ್ತಾ ಇದೆ. ಅವನು ನಿನಗೇ ಹೇಳ್ತಾನೆ. ಕೇಳಿದ್ರೆ ಹೇಳ್ತಾನೆ ಕಣೇ, ಕೇಳಬೇಕು ಅಷ್ಟೆ" ಎಂದರು. ಇಷ್ಟು ದೊಡ್ಡ ಮನಸ್ಸನ್ನು ಸಹಿಸುವುದು ಸುಲಭವಲ್ಲ. ನನ್ನ ಗಂಡನ ಮಾತನ್ನು ನನಗೆ ಭಿಕ್ಷೆ ಹಾಕುತ್ತಿದ್ದಾರೆ ಎನಿಸಿತು. "ನನಗೆ ಒಲೆ ಮೇಲೆ ಹಾಲಿದೆ" ಎಂದು ಎದ್ದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅಕ್ಕ ಅದನ್ನು ಯಾರ ಮುಂದೆಯೂ ಎತ್ತಲಿಲ್ಲ, ನನ್ನನ್ನು ಮತ್ತೆ ಕರೆಯಲೂ ಇಲ್ಲ.

ವರ್ಷಗಳು ಹೋದವು. ಈ ಮಾದರಿಗೆ ಇನ್ನು ಹೊಸ ನಕ್ಷೆ ಇಲ್ಲ ಎಂದು ಪ್ರೋಗ್ರಾಂ ಒಂದು ದಿನ ಹೇಳಿಬಿಟ್ಟಿತು. ಡ್ರೈವರುಗಳೆಲ್ಲ ಫೋನಿಗೆ ಹೊರಳಿದರು, ನಮ್ಮ ಬಾಗಿಲಿಗೆ ಯಾರೂ ಬರದಾದರು. ನಮ್ಮ ಕಾರಿನಲ್ಲಿ ಮಾತ್ರ ಡಬ್ಬಿ ಹಾಗೇ ಇತ್ತು. ನನ್ನ ತಮ್ಮನ ಗೃಹಪ್ರವೇಶಕ್ಕೆಂದು ನಾವು ನಾಲ್ವರೂ ಮಾಲೂರಿಗೆ ಹೊರಟೆವು. ಹಿಂದೆ ಕೂತರೆ ವಾಂತಿ ಎಂದು ಅಕ್ಕ ಮುಂದಿನ ಸೀಟಿನಲ್ಲಿ. ನನ್ನ ತವರಿಗೆ, ನನ್ನ ಗಂಡನ ಕಾರಿನಲ್ಲಿ, ನಾನು ಹಿಂದೆ, ಬಾಯಿ ತೆರೆದು ನಿದ್ದೆ ಹೋದ ಭಾವನ ಪಕ್ಕ, ಲಗೇಜಿನ ಹಾಗೆ. ಬಂಗಾರಪೇಟೆ ದಾಟಿ ಹೊಸ ರಸ್ತೆಗೆ ಹತ್ತಿದೆವು. ಡಬ್ಬಿಗೆ ಆ ರಸ್ತೆ ಗೊತ್ತೇ ಇಲ್ಲ. ಪರದೆಯ ಮೇಲೆ ನಮ್ಮ ಕಾರು ರಸ್ತೆಯಿಲ್ಲದ ಬಯಲಿನಲ್ಲಿ ಒಂದೇ ಸಮ ಹೋಗುತ್ತಿತ್ತು. "ನೋಡೋ, ಯಾರದೋ ರಾಗಿ ಹೊಲದಲ್ಲಿ ನುಗ್ಗಿಸ್ತಾ ಇದೀಯ" ಎಂದರು ಅಕ್ಕ. ಇವರು ಸ್ಟೀರಿಂಗ್ ಹಿಡಿದು ಮಾಲೂರಿನವರೆಗೂ ನಕ್ಕರು. ನನಗೂ ನಗು ಬಂದಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ತಡೆದುಕೊಂಡೆ... ಯಾಕೆ ತಡೆದುಕೊಂಡೆನೋ.

ಅಕ್ಕ ಹೋಗಿ ಎರಡು ವರ್ಷವಾಯಿತು. ಒಂದು ಕೆಮ್ಮಿನಿಂದ ಶುರುವಾದದ್ದು ಮೂರು ತಿಂಗಳು ಉಳಿಸಲಿಲ್ಲ. ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಕಂಪ್ಯೂಟರ್ ಹಾಕಿ ಆ ಪಟ್ಟಿ ತೆರೆದೆ. ನಾನು ಅಳಿಸಿದ್ದಕ್ಕಿಂತ ಉದ್ದವಿತ್ತು. ಮಾಲೂರಿನ ನಮ್ಮ ಮನೆಯೂ ಅದರಲ್ಲಿತ್ತು, ತಂಗಿ ತವರು ಎಂಬ ಹೆಸರಿನಲ್ಲಿ. ಕೆಲವು ದಿನಕ್ಕೆ ಡಬ್ಬಿಯ ಪರದೆ ಕಪ್ಪಾಯಿತು. ಇವರು ಅದನ್ನು ರಬ್ಬರ್ ಬಟ್ಟಲಿನ ಸಮೇತ ಹಳೇ ಸಾಮಾನಿನವನಿಗೆ ಹಾಕಿದರು, ನನ್ನನ್ನು ಒಂದು ಮಾತು ಕೇಳಲಿಲ್ಲ.

ನಿಂಬೆಯ ವಾಸನೆ ಬಂದ ಮೊನ್ನೆಯ ದಿನವೇ, ಸಂಜೆ ಇವರು ಕುರುಡುಮಲೆಯ ಕಡೆ ಬಾಡಿಗೆ ಮುಗಿಸಿ ಬಂದರು. ಕಾಫಿ ಕೊಟ್ಟು, ಒಳಗೆ ಹೋಗದೆ, ಎದುರಿಗೇ ಕೂತೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಕೂತ ದಿನವೂ ಅಷ್ಟು ಹೊಡೆದುಕೊಂಡಿರಲಿಲ್ಲ.

"ಯಾವ ದಾರೀಲಿ ಹೋದ್ರಿ?"

"ಫೋನ್ ತೋರಿಸ್ದಂಗೆ ಹೋದೆ."

"ಆಮೇಲೆ?"

ಇವರು ಲೋಟದಿಂದ ಮುಖ ಎತ್ತಿ ನನ್ನನ್ನು ನೋಡಿದರು, ಇವಳಿಗೇನಾಯಿತು ಎಂಬಂತೆ. "ಆಮೇಲೇನು? ಬಂದೆ" ಎಂದರು. ಕಾಫಿ ಮುಗಿಸಿ ಎದ್ದರು.

ಆ ಹುಣಸೆಮರ ಇದೆಯೇ, ಅಜ್ಜಿ ಇದ್ದಾಳೆಯೇ, ಈ ಸಲ ಹಣ್ಣು ಹೇಗಿತ್ತು ಎಂದು ಕೇಳಬಹುದಿತ್ತು. ಬಾಯಿಗೆ ಬಂತು, ಅದು ಅಕ್ಕನ ಪ್ರಶ್ನೆ ಎನಿಸಿ ಹಿಂದಕ್ಕೆ ಹೋಯಿತು. ಇವತ್ತಿಗೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅಕ್ಕ ಇದ್ದಿದ್ದರೆ, ನನ್ನ ಗಂಡನ ಮಾತನ್ನು ಅಡುಗೆಮನೆಯಿಂದಲಾದರೂ ಕೇಳಿಸಿಕೊಳ್ಳುತ್ತಿದ್ದೆ.