ದೊಡ್ಡವ್ವ ಹಿಡಿದುಕೊಟ್ಟ ತೋಳು

ಹೆದರಿದಾಗ ನಮ್ಮ ದೊಡ್ಡವ್ವನ ಮೇಲ್ದುಟಿಯ ಮೇಲೆ ಬೆವರ ಹನಿಗಳು ಸಾಲಾಗಿ ಮೂಡುತ್ತಿದ್ದವು, ಮಾಗಿಯ ಚಳಿಯಲ್ಲೂ. ಹೋರಿಯ ಮೂಗುದಾರ ಹಿಡಿದು ನಿಲ್ಲಿಸುವಾಗ ಮೂಡುತ್ತಿರಲಿಲ್ಲ. ಪಟೇಲರ ಬಾಯಿ ಮುಚ್ಚಿಸುವಾಗಲೂ ಇಲ್ಲ. ಊರಿಗೆ ದಾಕಿನವನು ಬಂದನೆಂದರೆ ಮಾತ್ರ ಅವಳ ಮುಖ ಒದ್ದೆಯಾಗುತ್ತಿತ್ತು.

ನನ್ನನ್ನು ಹೆತ್ತ ಹದಿನಾರನೇ ದಿನಕ್ಕೆ ನನ್ನವ್ವ ತೀರಿಕೊಂಡಳು. ಅಪ್ಪ ಕಿರುಗಾವಲಿನಲ್ಲೇ ಉಳಿದ. ಹಲಗೂರಿನ ಹತ್ತಿರದ ಹಳ್ಳಿಯಲ್ಲಿ ನನ್ನನ್ನು ಸಾಕಿದವಳು ಅವ್ವನ ಅಕ್ಕನಾದ ಈ ದೊಡ್ಡವ್ವ. ಸಿಡುಬನ್ನು ನಮ್ಮ ಕಡೆ ‘ಅಮ್ಮ’ ಎನ್ನುತ್ತಿದ್ದರು. ಅದು ಬಾರದಂತೆ ತೋಳು ಗೀರಿ ಮದ್ದು ಹಾಕುವುದೇ ದಾಕು. ವಿಧವೆಯಾದ ದೊಡ್ಡವ್ವನಿಗೆ ಒಬ್ಬನೇ ಮಗ ಇದ್ದನಂತೆ. ಅವನಿಗೆ ಎರಡು ವರ್ಷವಾದಾಗ ಅವಳೇ ತೊಡೆಯ ಮೇಲೆ ಕೂರಿಸಿಕೊಂಡು ದಾಕಿಗೆ ತೋಳು ಹಿಡಿದುಕೊಟ್ಟಳು. ವಾರದೊಳಗೆ ಜ್ವರ ಬಂದು ಮಗು ಹೋಯಿತು. ದಾಕಿನಿಂದಲೋ, ಆಗ ಕೇರಿಯಲ್ಲೆಲ್ಲ ಇದ್ದ ಜ್ವರದಿಂದಲೋ, ಯಾರಿಗೆ ಗೊತ್ತು? ಅವಳಿಗಂತೂ ಅನುಮಾನವೇ ಇರಲಿಲ್ಲ.

“ಅಮ್ಮ ತಾನಾಗಿ ಬಂದು ಕರ್ಕಂಡೋದ್ರೆ ಅದು ಅವಳಿಷ್ಟ ಕಣವ್ವ. ನಾನೇ ಕೈ ಇಡ್ಕೊಟ್ಟು ಕಳ್ಸುದ್ರೆ ಯಾರ್ನ ಬಯ್ಲಿ?” ಎನ್ನುತ್ತಿದ್ದಳು. ಓದಿದವರು ಇದನ್ನು ಮೌಢ್ಯವೆಂದು ನಕ್ಕುಬಿಡುತ್ತಾರೆ. ನನಗೆ ಇಂದಿಗೂ ನಗು ಬರುವುದಿಲ್ಲ.

ಎರಡನೇ ಮಹಾಯುದ್ಧದ ಕಾಲ, ನನಗೆ ಎಂಟು ವರ್ಷ. ಮಳವಳ್ಳಿಯಿಂದ ದಾಕಿನವನ ಸೈಕಲ್ಲು ಬಂತೆಂದು ಕೇರಿಯಲ್ಲಿ ಗುಲ್ಲೆದ್ದಿತು. ನಮ್ಮ ಅಂಗಳದಲ್ಲಿ ಹಗೇವು ಇತ್ತು, ರಾಗಿ ತುಂಬಿಡುವ ಆಳದ ನೆಲಗುಂಡಿ. ಆಗ ಮುಕ್ಕಾಲು ಖಾಲಿ. ದೀಪ ಇಳಿಬಿಟ್ಟು ನೋಡದೆ ದೊಡ್ಡವ್ವ ಆಳುಗಳನ್ನು ಎಂದೂ ಅದಕ್ಕೆ ಇಳಿಸಿದವಳಲ್ಲ. ಒಳಗಿನ ಕೆಟ್ಟ ಗಾಳಿ ಮನುಷ್ಯರನ್ನು ಕೊಲ್ಲುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂದು ಗಾಬರಿಯಲ್ಲಿ ಎಲ್ಲ ಮರೆತಳು. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, “ಉಸ್ರೆತ್ಬ್ಯಾಡ ಕಣವ್ವ” ಎಂದು ಒಳಗಿಳಿಸಿ ಚಪ್ಪಡಿ ಎಳೆದಳು.

ಕತ್ತಲು, ಮುಗ್ಗಲು ರಾಗಿಯ ಬಿಸಿ ವಾಸನೆ. ಸ್ವಲ್ಪ ಹೊತ್ತಿಗೆ ಕಿವಿ ಗುಂಯ್ ಎಂದಿತು. “ದೊಡ್ಡವ್ವಾ” ಎನ್ನಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಮುಂದಿನದು ಕೇಳಿ ತಿಳಿದದ್ದು.

ದಾಕಿನವನು ಬಂದವನೇ ಅದೇ ಚಪ್ಪಡಿಯ ಮೇಲೆ ಕುಳಿತನಂತೆ.

“ಮಗು ಎಲ್ಲಮ್ಮಾ?”

“ಕಿರುಗಾವಲಿಗೆ ಓಗವ್ಳೆ, ಅವರಪ್ಪನ್ ತಾವ್ಕೆ.”

ಅವನು ಮಜ್ಜಿಗೆ ಕೇಳಿದ, ಅವಳು ಕೊಟ್ಟಳು. ನಿಧಾನವಾಗಿ ಕುಡಿಯುತ್ತ ಮಳೆ ಬೆಳೆ ವಿಚಾರಿಸಿದ. ಕೆಳಗಿನಿಂದ ಒಂದು ಸದ್ದೂ ಇಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು. “ಏಳಪ್ಪೋ ಮ್ಯಾಕೆ! ಮಗು ಒಳ್ಗದೆ!” ಎಂದು ಕಿರುಚಿ ಅವನನ್ನು ತಳ್ಳಿಯೇಬಿಟ್ಟಳು. ಹಗ್ಗದ ತುದಿ ಹೊರಗೆ ಉಳಿದಿದ್ದದ್ದು ನನ್ನ ಪುಣ್ಯ. ಇಬ್ಬರೂ ಸೇರಿ ಎಳೆದರು.

ಕಣ್ಣು ಬಿಟ್ಟಾಗ ನನ್ನ ಮುಖಕ್ಕೆ ನೀರು ಎರಚುತ್ತಿದ್ದಳು. ದಾಕಿನವನು ಒಂದು ಮಾತೂ ಬಯ್ಯಲಿಲ್ಲ. ಅವಳೇ, “ಇದೂ ನನ್ ಕೈಯಾರೆ ಆಗ್ತಿತ್ತಲ್ಲಪ್ಪಾ” ಎಂದು ಅತ್ತಳು. ಬಹಳ ಹೊತ್ತಿನ ಮೇಲೆ ನನ್ನ ತೋಳನ್ನು ಅವನತ್ತ ಹಿಡಿದುಕೊಟ್ಟಳು. ಅವನು ಗೀರಿ ಮದ್ದು ಹಾಕಿದ.

“ಇನ್ನು ಇವಳಿಗೆ ಅಮ್ಮ ಬರಲ್ಲ. ನಿಮಗೂ ಹಾಕ್ಬಿಡ್ತೀನಿ, ಕೂತ್ಕೊಳಿ” ಎಂದ.

“ಬ್ಯಾಡ. ಇವಳ್ಗೆ ಜ್ವರ ಬಂದ್ರೆ ನೋಡ್ಕಳಕ್ಕೆ ನಾನು ಗಟ್ಟಿಯಾಗಿರ್ಬೇಕು. ಮುಂದ್ಲ ಸಲ ಬಂದಾಗ ಆಕು.”

ಎಂಟು ದಿನ ಅವಳು ನನ್ನ ಹಣೆಯಿಂದ ಕೈ ತೆಗೆಯಲಿಲ್ಲ. ಜ್ವರ ಬಂತು, ಇಳಿಯಿತು.

ದಾಕಿನವನು ಮತ್ತೆ ಬರುವ ಮೊದಲೇ, ಆ ಬೇಸಿಗೆಯಲ್ಲಿ, ಊರಿಗೆ ಅಮ್ಮ ಬಂತು. ದೊಡ್ಡವ್ವನಿಗೂ ಬಂತು. ಒಳಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸಿದರು. ಹಿಂದೆ ಅಮ್ಮ ಆಗಿ ಬದುಕಿದ್ದ ಮುದುಕಿಯೊಬ್ಬಳು ಬಂದು ನೀರು ಕುಡಿಸಿ ಹೋಗುತ್ತಿದ್ದಳು. ನಾನು ಬಾಗಿಲಿಗೆ ಬಂದರೆ ಸಾಕು, “ಓಗು, ಅತ್ರ ಬರ್ಬ್ಯಾಡ” ಎಂದು ದೊಡ್ಡವ್ವ ಗದರುತ್ತಿದ್ದಳು. ಆರನೇ ದಿನ ಮುದುಕಿ ಬರಲಿಲ್ಲ. ಅವಳಿಗಾಗಿ ಕಾಯುವ ಮನೆಗಳು ಹೆಚ್ಚಾಗಿದ್ದವು. ನಾನು ಹೊಸ್ತಿಲಲ್ಲಿ ಚೊಂಬು ಹಿಡಿದು ನಿಂತೆ. ನನಗೂ ಭಯವಾಗಿತ್ತು.

“ನಿಂಗೆ ಬರಕ್ಕಿಲ್ಲ ಅಂತ ಅವ್ನು ದಿಟವಾಗ್ಲೂ ಏಳಿದ್ನಾ?”

“ಊಂ, ದೊಡ್ಡವ್ವ.”

ಊದಿದ ಕಣ್ಣಿನ ಸಂದಿಯಿಂದ ನನ್ನನ್ನೇ ನೋಡಿದಳು.

“ಅಂಗಾರೆ ಬಾ. ವಸಿ ನೀರು ಬುಡು ಬಾಯ್ಗೆ.”

ಆಮೇಲೆ ನಾಲ್ಕು ದಿನ ಬದುಕಿದ್ದಳು. ಆ ನಾಲ್ಕು ದಿನವೂ ನೀರು ಕುಡಿದದ್ದು ನನ್ನ ಕೈಯಿಂದಲೇ.